ಮದ್ದಿಗೆ ಬಗ್ಗದ ಕ್ಷಯ: ತಪ್ಪು ರೋಗಿಯದ್ದೇ?

ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರಿಂದಲೇ ಟಿ.ಬಿ. ಮದ್ದಿಗೆ ಬಗ್ಗದಂತಾಯಿತು ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಸುಳ್ಳಲ್ಲ, ಆದರೆ ಅರ್ಧ ಸತ್ಯ. ಇನ್ನರ್ಧಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಷಯಕ್ಕೆ ನಾಟಿದ ಮೊದಲ ಆಂಟಿಬಯೋಟಿಕ್ ಸ್ಟ್ರೆಪ್ಟೊಮೈಸಿನ್. ಅಮೆರಿಕದಲ್ಲಿ 1943ರಲ್ಲಿ ಸಿಕ್ಕಿತು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 55 ರೋಗಿಗಳಿಗೆ ಅದನ್ನು ಕೊಟ್ಟು, ಇನ್ನು 52 ಮಂದಿಯನ್ನು ಬರೀ ವಿಶ್ರಾಂತಿಯಲ್ಲಿಟ್ಟು ಹೋಲಿಸಿ ನೋಡಿತು. ಆರು ತಿಂಗಳಲ್ಲಿ ಮದ್ದು ಪಡೆದವರಲ್ಲಿ ಸತ್ತವರು 4, ಪಡೆಯದವರಲ್ಲಿ 14. ಎಲ್ಲರಿಗೂ ಖುಷಿ. ಆದರೆ ಚೇತರಿಸಿಕೊಂಡಿದ್ದ ಹಲವರು ಮತ್ತೆ ಮಲಗಿದರು. ಅವರ ಕಫದಲ್ಲಿದ್ದ ಬ್ಯಾಕ್ಟೀರಿಯಾ ಈಗ ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗುತ್ತಿರಲಿಲ್ಲ. ಗಮನಿಸಿ, ಇವರು ಆಸ್ಪತ್ರೆಯಲ್ಲೇ ಇದ್ದು ದಿನಕ್ಕೆ ನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವರು. ಮನೆಗೆ ಹೋಗಿ ಮದ್ದು ಮರೆತವರಲ್ಲ!

ಹಾಗಾದರೆ ಆಗಿದ್ದೇನು? ರೋಗಿಯ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ಆಕಸ್ಮಿಕವಾಗಿ ಒಂದು ಮದ್ದನ್ನು ತಡೆದುಕೊಳ್ಳುವ ಗುಣ ಬಂದಿರುತ್ತದೆ. ಆ ಒಂದೇ ಮದ್ದು ಕೊಟ್ಟರೆ ಉಳಿದವು ಸತ್ತು, ಜಾಗವೆಲ್ಲ ಇವಕ್ಕೆ ಖಾಲಿ. ಎರಡು ಮೂರು ಮದ್ದನ್ನು ಒಟ್ಟಿಗೇ ಕೊಟ್ಟರೆ ಎಲ್ಲವನ್ನೂ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಸಿಗುವುದು ತೀರಾ ಅಪರೂಪ. ಪಿ.ಎ.ಎಸ್. ಎಂಬ ಮದ್ದನ್ನು ಜೊತೆಗೆ ಸೇರಿಸಿ 1950ರ ಹೊತ್ತಿಗೇ ಇದನ್ನು ಸಾಬೀತು ಮಾಡಿಯಾಗಿತ್ತು. ಆಮೇಲೆ ಐಸೋನಿಯಾಜಿಡ್ ಬಂತು. ಸರಿಯಾದ ಮದ್ದುಗಳನ್ನು ಜೊತೆಯಾಗಿ ಕೊಟ್ಟರೆ ಬಡವರ ಮನೆಯಲ್ಲೂ ಸ್ಯಾನಟೋರಿಯಂನಷ್ಟೇ ಚೆನ್ನಾಗಿ ಗುಣವಾಗುತ್ತದೆ ಎಂದು 1959ರಲ್ಲಿ ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ಮದ್ರಾಸು.

ಇನ್ನು ಮುಂಬೈಗೆ ಬನ್ನಿ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಲ್ಲಿನ ಕೊಳೆಗೇರಿಯ 100 ಖಾಸಗಿ ಡಾಕ್ಟರರು ಟಿ.ಬಿ.ಗೆ ಬರೆದುಕೊಟ್ಟದ್ದು 80 ಬಗೆಯ ಚಿಕಿತ್ಸೆ! 2010ರಲ್ಲಿ ಧಾರಾವಿಯ 106 ಡಾಕ್ಟರರನ್ನು ಕೇಳಿದಾಗ, ಮದ್ದಿಗೆ ಬಗ್ಗದ ಟಿ.ಬಿ.ಗೆ ಸರಿಯಾದ ಚೀಟಿ ಬರೆದವರು ಐದೇ ಮಂದಿ. ಮರುವರ್ಷದ ಕೊನೆಗೆ ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು, ಪರೀಕ್ಷಿಸಿದ ಯಾವ ಮದ್ದಿಗೂ ಬಗ್ಗದ ಟಿ.ಬಿ. ಇದ್ದ ನಾಲ್ವರು ರೋಗಿಗಳ ಬಗ್ಗೆ ಬರೆದರು. ಅವರಲ್ಲಿ ಮೂವರು ಹಲವು ಖಾಸಗಿ ಡಾಕ್ಟರರ ಬಳಿ ಅಲೆದವರು. ಅಲ್ಲೆಲ್ಲ ಒಂದೊಂದೇ ಮದ್ದನ್ನು, ಅದೂ ಎಷ್ಟೋ ಸಲ ತಪ್ಪು ಪ್ರಮಾಣದಲ್ಲಿ, ಸೇರಿಸುತ್ತಾ ಹೋಗಿದ್ದರು. 1940ರ ದಶಕದಲ್ಲೇ ಕೈಕೊಟ್ಟಿದ್ದ ದಾರಿ ಇದೇ ತಾನೇ? ಹೀಗಿರುವಾಗ ರೋಗಿಯೊಬ್ಬನ ಕಡೆಗೇ ಬೆರಳು ತೋರಿಸುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ.

ಸರಕಾರ 'ಸಂಪೂರ್ಣ' ಎಂಬ ಆ ಹೆಸರನ್ನು ಒಪ್ಪಲಿಲ್ಲ. ಆದರೆ 2012ರ ಮೇ ತಿಂಗಳಲ್ಲಿ, ಪ್ರತಿ ಟಿ.ಬಿ. ರೋಗಿಯ ಮಾಹಿತಿಯನ್ನು ಖಾಸಗಿ ಡಾಕ್ಟರರೂ ಕೊಡಲೇಬೇಕೆಂದು ಆದೇಶಿಸಿತು. ಅಲ್ಲಿಯವರೆಗೆ ಅವರ ಬಳಿ ಎಷ್ಟು ಮಂದಿ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬ ಪೂರ್ತಿ ಲೆಕ್ಕ ಸರಕಾರದ ಕೈಯಲ್ಲಿ ಇರಲಿಲ್ಲ.