ಅಂಗಾಲು ಹೊತ್ತ ಭಾರ

ವಿಶಾಖಪಟ್ಟಣದಲ್ಲಿ ಒಂದು ಆಷಾಢ ಕಳೆದ ಕನ್ನಡಿಗರಿಗೆ ಸಿಂಹಾಚಲದ ಗಿರಿಪ್ರದಕ್ಷಿಣೆ ಗೊತ್ತಿರುತ್ತದೆ. ಹುಣ್ಣಿಮೆಯ ಹಿಂದಿನ ದಿನ ಬೆಟ್ಟದ ಬುಡದ ತೊಲಿಪಾವಂಚದಿಂದ ಹೊರಟ ಜನ ಹನುಮಂತವಾಕ, ಮಾಧವಧಾರ ಹಾದು ಸುಮಾರು 32 ಕಿಲೋಮೀಟರ್ ಸುತ್ತಿ ಬರುತ್ತಾರೆ. ಬಹಳಷ್ಟು ಮಂದಿಯದು ಬರಿಗಾಲು. ವಿಜಯವಾಡದಲ್ಲಿ ಭವಾನಿ ದೀಕ್ಷೆ ತೊಟ್ಟವರೂ ಹೀಗೆಯೇ ಚಪ್ಪಲಿ ಬಿಟ್ಟು ಇಂದ್ರಕೀಲಾದ್ರಿಗೆ ನಡೆದು ಬರುತ್ತಾರೆ. ಹೆಜ್ಜೆಗೆ 70 ಸೆಂಟಿಮೀಟರ್ ಎಂದು ಲೆಕ್ಕ ಹಿಡಿದರೆ ಸಿಂಹಾಚಲದ ಸುತ್ತಿಗೆ 45 ಸಾವಿರಕ್ಕೂ ಹೆಚ್ಚು ಹೆಜ್ಜೆಗಳು. ಒಂದೊಂದು ಕಾಲಿನ ಪಾಲಿಗೆ 22 ಸಾವಿರಕ್ಕೂ ಮಿಕ್ಕಿ.

ಇಷ್ಟನ್ನು ಕಾಲು ತಾಳಿಕೊಳ್ಳುವುದು ನೋವಿನ ದಯೆಯಿಂದ. ಹೆಬ್ಬೆರಳ ಬುಡ ಉರಿಯತೊಡಗಿದರೆ ನಮಗೇ ತಿಳಿಯದಂತೆ ಭಾರವನ್ನು ಪಾದದ ಅಂಚಿಗೆ ಸರಿಸುತ್ತೇವೆ, ಕುಂಟುತ್ತೇವೆ, ಕೊನೆಗೆ ಕೂತುಬಿಡುತ್ತೇವೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ನರ ಸೊರಗಿ ಅಂಗಾಲು ಮರಗಟ್ಟಿದವರು ಹಾಗೆ ಮಾಡುವುದಿಲ್ಲ. ಒಂದೇ ಜಾಗದ ಮೇಲೆ ಮೊದಲ ಹೆಜ್ಜೆಯಷ್ಟೇ ಭಾರ ಹಾಕಿ ಕೊನೆಯವರೆಗೂ ನಡೆಯುತ್ತಾರೆ. ಹುಣ್ಣು ಹುಟ್ಟುವುದು ಅಲ್ಲಿಯೇ.

ಸಕ್ಕರೆ ಕಾಯಿಲೆಯವರ ಅಂಗಾಲಿನ ಇಂಥ ಹುಣ್ಣನ್ನು ನರದೋಷದ ಜೊತೆಗಿಟ್ಟು ಇಂಗ್ಲೆಂಡಿನ ವೈದ್ಯ ಪ್ರೈಸ್ 1887ರಲ್ಲಿಯೇ ವರ್ಣಿಸಿದ್ದರು. ಆದರೆ ನಡಿಗೆಯ ಒತ್ತಡಕ್ಕೂ ಹುಣ್ಣಿಗೂ ಇರುವ ನಂಟು ಬಿಡಿಸಿಕೊಂಡದ್ದು ಬಹುಮಟ್ಟಿಗೆ ದಕ್ಷಿಣ ಭಾರತದ ಕುಷ್ಠರೋಗದ ವಾರ್ಡುಗಳಲ್ಲಿ. ಅಲ್ಲಿನವರ ಅಂಗಾಲೂ ಮರಗಟ್ಟಿದ್ದೇ. ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಗಾಯ ಮಾಯುವುದಿಲ್ಲ ಎಂಬುದು ಆಗಿನ ನಂಬಿಕೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ಶಸ್ತ್ರವೈದ್ಯರಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಅವರು ಮತ್ತು ಜೊತೆಗಾರರು ಕಂಡದ್ದು ಬೇರೆಯೇ. ಪ್ಲಾಸ್ಟರ್ ಕಟ್ಟಿ ಭಾರ ಹಂಚಿದರೆ ಆ ಹುಣ್ಣು ಎಲ್ಲರ ಗಾಯದಂತೆಯೇ ಮಾಯುತ್ತಿತ್ತು. ಪ್ಲಾಸ್ಟರ್ ಬಿಚ್ಚಿ ಬರಿಗಾಲಲ್ಲಿ ನಡೆದರೆ ಅದೇ ಜಾಗದಲ್ಲಿ ಮತ್ತೆ ಬಾಯಿ ತೆರೆಯುತ್ತಿತ್ತು.

ಹಾಗಾದರೆ ಮದ್ದು ಚಪ್ಪಲಿಯಲ್ಲಿರಬೇಕು. ಪಾದದ ಆಕಾರಕ್ಕೆ ಒಗ್ಗಿ ಭಾರ ಹಂಚುವ, ಸಣ್ಣ ಗಾಳಿಗುಳ್ಳೆಗಳಿರುವ ಮೈಕ್ರೋಸೆಲ್ಯುಲರ್ ರಬ್ಬರಿನ ಅಟ್ಟೆ ಹೀಗೆ ಬಂತು. ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಈ ತಿಳಿವೂ ಜೊತೆಗೆ ಹೋಯಿತು. ಒತ್ತಿದಲ್ಲಿ ಬಣ್ಣದ ಗುಳಿಗೆಗಳು ಒಡೆದು ಗುರುತು ಬಿಡುವ ಕಾಲುಚೀಲವನ್ನು ಅವರ ತಂಡ ಬಳಸಿತು. ಒಂದೇ ಪೆಟ್ಟಿಗೆ ಏನೂ ಆಗದಷ್ಟು ಸಣ್ಣ ಒತ್ತಡವೂ ದಿನಕ್ಕೆ ಸಾವಿರಾರು ಬಾರಿ ಬಿದ್ದರೆ ಚರ್ಮ ಉರಿಯೂತಗೊಂಡು ಒಡೆಯುತ್ತದೆಂದು ಇಲಿಗಳ ಪಾದದಲ್ಲಿ ತೋರಿಸಿತು. ಸಕ್ಕರೆ ಕಾಯಿಲೆಯವರ ಪಾದಕ್ಕೂ ಇದೇ ವಿವರಣೆ, ಇದೇ ಪ್ಲಾಸ್ಟರ್, ಇದೇ ಚಪ್ಪಲಿ ಒಗ್ಗಿದವು. ಇಂದು ವೈದ್ಯರು ಅಂಗಾಲಿಗೆ ಒತ್ತಿ, ಗೊತ್ತಾಯಿತೇ ಎಂದು ಕೇಳುವ 10 ಗ್ರಾಂ ಬಲದ ನೈಲಾನ್ ಎಳೆಯ ಅಳತೆ ಗಟ್ಟಿಯಾದದ್ದೂ 1980ರ ದಶಕದಲ್ಲಿ ಕಾರ್ವಿಲ್‌ನಲ್ಲಿಯೇ.

ಈ ಚರಿತ್ರೆಗೆ ಕಹಿಯಾದ ಒಂದು ಬಾಲವಿದೆ. ಆ ರಬ್ಬರ್ ಚಪ್ಪಲಿ ನಮ್ಮ ಕಡೆ ಕುಷ್ಠರೋಗದ ಚಪ್ಪಲಿ ಎಂದೇ ಗುರುತಾಯಿತು. ನೆಂಟರಿಷ್ಟರ ಎದುರು ಅದನ್ನು ಮೆಟ್ಟಲು ನಾಚಿದವರು ಎಷ್ಟೋ ಮಂದಿ. ಅದರ ಜೊತೆಗೆ ಮನೆಯೊಳಗೆ, ಗುಡಿಯೊಳಗೆ ಚಪ್ಪಲಿ ಹಾಕದ ನಮ್ಮ ರೂಢಿಯೂ ಇದೆ. ಹೀಗಾಗಿ ಔಷಧಕ್ಕೆ ತಪ್ಪದೆ ಹಣ ಕೊಡುವ ಮನೆಯಲ್ಲೂ ಪಾದ ಬರಿದಾಗಿಯೇ ಉಳಿಯುತ್ತದೆ.

ಜಡ್ಡುಗಟ್ಟಿದ ಚರ್ಮವನ್ನು ಗಟ್ಟಿಮುಟ್ಟಾದ ಕಾಲಿನ ಗುರುತೆಂದು ನಾವು ಹೆಮ್ಮೆಪಡುವುದುಂಟು. ಸ್ಪರ್ಶ ಕಳೆದುಕೊಂಡ ಪಾದದಲ್ಲಿ ಅದು ಅಂಗಾಲಿಗೆ ಅಂಟಿದ ಕಲ್ಲಿನಂತೆ. ತಿಳಿದವರ ಕೈಯಲ್ಲಿ ಜಡ್ಡು ಹೆರೆಸಿದರೆ ಆ ಜಾಗದ ಒತ್ತಡ ಸುಮಾರು ಕಾಲುಭಾಗ ಇಳಿಯುತ್ತದೆಂದು 1992ರ ಅಧ್ಯಯನವೊಂದು ಅಳೆದು ತೋರಿಸಿದೆ. ಬ್ಲೇಡು ಹಿಡಿದು ಮನೆಯಲ್ಲಿ ಮಾಡುವ ಕೆಲಸ ಮಾತ್ರ ಅದಲ್ಲ.

ದೂರದ ಊರಿನಲ್ಲಿರುವ ನಾವು ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ ಶುಗರ್ ಎಷ್ಟಿದೆ ಎಂದು ತಪ್ಪದೆ ಕೇಳುತ್ತೇವೆ. ಇನ್ನು ಮುಂದೆ ಅಂಗಾಲು ನೋಡಿಕೊಂಡಿರಾ ಎಂದೂ ಕೇಳೋಣ. ಬಗ್ಗಲಾಗದಿದ್ದರೆ ನೆಲದ ಮೇಲೊಂದು ಕನ್ನಡಿ ಇಟ್ಟುಕೊಳ್ಳಲಿ. ಊರಿಗೆ ಹೋದಾಗ ಹೇಗೂ ಕಾಲಿಗೆ ನಮಸ್ಕರಿಸುತ್ತೇವಲ್ಲ, ಆಗ ಪಾದದ ಅಡಿಯನ್ನೂ ಒಮ್ಮೆ ನೋಡಿ ಏಳೋಣ.