ಗಿಟಾರಿನ ಮೆಟ್ಟಿಲೂ ಬಡಗಿಯ ಅರವೂ

ವಾದ್ಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ನುಡಿಸಿದವರನ್ನು ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ಮಾಡಿದವರನ್ನು ಕುರಿತು ಅಷ್ಟಿಷ್ಟು ಬರೆಯುತ್ತಾರೆ. ಕೆಟ್ಟುದನ್ನು ಸರಿಪಡಿಸಿದವರ ಮಾತು ಬಂದಾಗ ಮಾತ್ರ ಅವರ ಲೇಖನಿ ಮೌನ ತಾಳುತ್ತದೆ. ಆದರೂ ವಾದ್ಯವೊಂದು ಎರಡು ಮೂರು ತಲೆಮಾರು ಬಾಳುವುದು ಈ ಮೂರನೆಯವರ ಕೈಗುಣದಿಂದಲೇ. ಗಿಟಾರಿನ ಕೊರಳಿನ ಮೇಲೆ ಅಡ್ಡಲಾಗಿ ಕೂರುವ ಮೆಟ್ಟಿಲು ಎಂಬ ಪುಟ್ಟ ಪಟ್ಟಿಯ ಕಥೆಯನ್ನು ಹಿಡಿದು ಈ ವಿಷಯವನ್ನು ಕೊಂಚ ವಿಚಾರಿಸಬಹುದು.

ಮೆಟ್ಟಿಲು ಎಂದೊಡನೆ ನಮಗೆ ನೆನಪಾಗುವುದು ವೀಣೆ. ಅದರ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದ ಏಣಿನ ಮೇಲೆ ಕುಳಿತಿರುತ್ತವೆ. ಮೇಣಕ್ಕೆ ಕಾವು ಕೊಟ್ಟರೆ ಅವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಬಹುದು. ವಿಜಯನಗರದ ಕಾಲದ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ಈ ಸಾರಿಕೆಗಳ ಸ್ಥಾನಗಳನ್ನು ನಿರೂಪಿಸಿದ್ದಾನೆ. ಅದಾದ ಮೂವತ್ತೊಂದು ವರ್ಷಕ್ಕೆ, 1581ರಲ್ಲಿ, ಇಟಲಿಯಲ್ಲಿ ವಿನ್ಚೆಂಜೊ ಗೆಲಿಲಿ ಎಂಬ ವಾದಕ ತನ್ನ ಗ್ರಂಥದಲ್ಲಿ ಇದೇ ಸಮಸ್ಯೆಗೆ ಬೇರೊಂದು ಉತ್ತರ ಕೊಟ್ಟ. ಖಗೋಳಶಾಸ್ತ್ರಜ್ಞ ಗೆಲಿಲಿಯೋನ ತಂದೆ ಈತ. ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲಿನ ಕೊನೆಗೆ ಮೊದಲ ಮೆಟ್ಟಿಲನ್ನಿಡುವುದು, ಉಳಿದ ಉದ್ದವನ್ನು ಮತ್ತೆ ಹದಿನೆಂಟು ಪಾಲು ಮಾಡಿ ಎರಡನೆಯದನ್ನಿಡುವುದು – ಇದು ಅವನ ಸೂತ್ರ. ಹನ್ನೆರಡನೆಯ ಮೆಟ್ಟಿಲು ಬರಬೇಕಾದದ್ದು ತಂತಿಯ ನಟ್ಟನಡುವೆ. 65 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಈ ಲೆಕ್ಕ ತಪ್ಪುವುದು ಎರಡೂವರೆ ಮಿಲಿಮೀಟರಿನಷ್ಟು ಮಾತ್ರ. ಒಂದು ಅಳತೆಕಡ್ಡಿ ಇದ್ದರೆ ಯಾವ ಕುಶಲಕರ್ಮಿಯೂ ಮಾಡಬಹುದಾದ ಗಣಿತ.

ಗೆಲಿಲಿ ನುಡಿಸುತ್ತಿದ್ದ ಲ್ಯೂಟ್ ವಾದ್ಯಕ್ಕೂ ಅಂದಿನ ಗಿಟಾರಿಗೂ ಲೋಹದ ಮೆಟ್ಟಿಲುಗಳಿರಲಿಲ್ಲ. ಪ್ರಾಣಿಯ ಕರುಳಿನಿಂದ ಮಾಡಿದ ದಾರವನ್ನು ಕೊರಳಿನ ಸುತ್ತ ಬಿಗಿದು ಗಂಟುಹಾಕುತ್ತಿದ್ದರು. ಶ್ರುತಿ ಸರಿಯೆನಿಸದಿದ್ದರೆ ಅದನ್ನು ಸರಿಸಬಹುದು. ಸವೆದರೆ ಕತ್ತರಿಸಿ ಹೊಸದನ್ನು ಕಟ್ಟಬಹುದು. ಬೇಕಾದ ಉಪಕರಣವೆಂದರೆ ಒಂದು ಚಾಕು ಮತ್ತು ಹತ್ತು ಬೆರಳು. ವಾದಕನೇ ರಿಪೇರಿಗಾರನೂ ಆಗಿದ್ದ. ಹದಿನೆಂಟನೆಯ ಶತಮಾನ ಮುಗಿದು ಹತ್ತೊಂಬತ್ತನೆಯದು ಮೊದಲಾಗುವ ವೇಳೆಗೆ ಆರು ಒಂಟಿ ತಂತಿಗಳ ಗಿಟಾರು ರೂಪುಗೊಂಡಿತು. ಮರದಲ್ಲಿ ಗರಗಸದಿಂದ ಗಾಡಿ ಕೊರೆದು, ಅದರೊಳಗೆ ಲೋಹದ ಪಟ್ಟಿಯನ್ನು ಬಡಿದು ಕೂರಿಸುವ ಪದ್ಧತಿ ನೆಲೆಗೊಂಡಿತು. ನಾದ ಸ್ಪಷ್ಟವಾಯಿತು, ಬಾಳಿಕೆ ಹೆಚ್ಚಿತು. ಆದರೆ ಅಂದಿನಿಂದ ಮೆಟ್ಟಿಲು ವಾದಕನ ಬೆರಳಿನ ಹಿಡಿತದಿಂದ ತಪ್ಪಿ ಉಳಿ, ಅರ, ಸುತ್ತಿಗೆ ಹಿಡಿದವನ ವಶವಾಯಿತು.

ಹಾಗಾದರೆ ಆ ಉಪಕರಣಗಳನ್ನು ಹಿಡಿಯುವ ಅಧಿಕಾರ ಯಾರದು? ಈ ಪ್ರಶ್ನೆ ನಿಜವಾಗಿಯೂ ವ್ಯಾಜ್ಯಕ್ಕೆ ಹತ್ತಿದ್ದುಂಟು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನೊಯ್‌ಕಿರ್ಖೆನ್ ಎಂಬ ಊರಿನಲ್ಲಿ 1677ರಿಂದಲೇ ಪಿಟೀಲು ಮಾಡುವವರ ಶ್ರೇಣಿಯಿತ್ತು. ಮರದ ಪೀಠೋಪಕರಣ ಮಾಡುವ ಬಡಗಿಗಳ ಶ್ರೇಣಿ ಬೇರೆ. ಈ ಬಡಗಿಗಳು ಗಿಟಾರು ಮಾಡತೊಡಗಿದಾಗ ಪಿಟೀಲಿನವರು 1826ರಲ್ಲಿ ಅಧಿಕಾರಿಗಳ ಮುಂದೆ ದೂರಿತ್ತರು. ತಾವು ಅಭಿರುಚಿಯುಳ್ಳ ಕಲಾವಿದರು, ಅವರಾದರೋ ಮೇಜು ಕುರ್ಚಿ ಮಾಡುವ ಕೇವಲ ಕೈಗೆಲಸದವರು ಎಂಬುದು ಅವರ ವಾದದ ಸಾರಾಂಶ. ಗಿಟಾರು ಆ ಸೀಮೆಗೆ ಈಚೆಗೆ ಬಂದ ವಾದ್ಯ, ಹಳೆಯ ಸನ್ನದು ಅದಕ್ಕೆ ಅನ್ವಯಿಸದು ಎಂದು ಬಡಗಿಗಳು ಮರುನುಡಿದರು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಕೊನೆಗೂ ಬಡಗಿಗಳ ಹಕ್ಕು ಉಳಿಯಿತು. ಆದರೆ ಅಷ್ಟರಲ್ಲಿ ಅವರಲ್ಲೊಬ್ಬ, ವಿಯೆನ್ನಾದ ಸ್ಟೌಫರನಲ್ಲಿ ಕೆಲಸ ಕಲಿತಿದ್ದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್, ಬೇಸತ್ತು 1833ರಲ್ಲಿ ಅಮೆರಿಕಕ್ಕೆ ಹೊರಟುಹೋದ. ಅವನ ಹೆಸರಿನ ಗಿಟಾರು ಇಂದಿಗೂ ಲೋಕಪ್ರಸಿದ್ಧ. ಇತ್ತ ಸ್ಪೇನಿನಲ್ಲಿ ಗಿಟಾರಿಗೆ ಇಂದಿನ ರೂಪ ಕೊಟ್ಟ ಆಂತೋನಿಯೊ ದೆ ತೊರ್ರೆಸ್ ಕೂಡ ಬಡಗಿಯಾಗಿಯೇ ಕೈ ಪಳಗಿಸಿಕೊಂಡವನು. ಹೊರಗಿಡಬೇಕೆಂದು ಹೊರಟ ಕೈಗಳಿಂದಲೇ ಈ ವಾದ್ಯ ಬೆಳೆಯಿತು.

ಮಾರ್ಟಿನ್ ಕಾರ್ಖಾನೆ 1934ರಲ್ಲಿ ಚಪ್ಪಟೆ ಪಟ್ಟಿಯ ಮೆಟ್ಟಿಲನ್ನು ಬಿಟ್ಟು, ಮೇಲೆ ದುಂಡು ತಲೆ, ಕೆಳಗೆ ಮರವನ್ನು ಕಚ್ಚುವ ಅಲಗು ಉಳ್ಳ ಮೆಟ್ಟಿಲನ್ನು ಅಳವಡಿಸಿಕೊಂಡಿತು. ಇದಕ್ಕೆ ಬಹುವಾಗಿ ಬಳಕೆಯಾಗುವ ಲೋಹ ನಮ್ಮ ಪಾತ್ರೆ ಅಂಗಡಿಗಳಿಗೂ ಪರಿಚಿತವಾದ ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ, ಬೆಳ್ಳಿಯ ಲವಲೇಶವೂ ಇಲ್ಲ. ಉಕ್ಕಿನ ತಂತಿ ವರ್ಷಾನುಗಟ್ಟಲೆ ಉಜ್ಜಿದರೆ ಇದರ ತಲೆಯಲ್ಲಿ ಹಳ್ಳ ಬೀಳುತ್ತದೆ. ತಂತಿ ಜರಜರ ಎನ್ನುತ್ತದೆ.

ಇದನ್ನು ಸರಿಪಡಿಸಲು ವಿಶೇಷ ಉಪಕರಣಗಳು ದೊರೆಯುತ್ತವೆ. ಬೆಲೆ ಎಲ್ಲರ ಕೈಗೆ ಎಟಕುವಂಥದಲ್ಲ. ಆದ್ದರಿಂದ ರಿಪೇರಿಗಾರರು ಕಬ್ಬಿಣದ ಅಂಗಡಿಯ ಸರಕನ್ನೇ ಪಳಗಿಸಿಕೊಂಡರು. ಮರದ ತುಂಡಿಗೆ ಅಂಟಿಸಿದ ಚಪ್ಪಟೆ ಅರದಿಂದ ಎಲ್ಲ ಮೆಟ್ಟಿಲುಗಳ ತಲೆಯನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. ಮೊದಲೇ ತಲೆಗೆ ಮಸಿ ಹಚ್ಚಿದ್ದರೆ, ಮಸಿ ಉಳಿದ ಕಡೆ ಅರ ಮುಟ್ಟಿಲ್ಲವೆಂದು ಗೊತ್ತಾಗುತ್ತದೆ. ತಲೆ ಚಪ್ಪಟೆಯಾದರೆ ತಂತಿ ಎಲ್ಲಿ ನಿಲ್ಲುವುದೆಂಬ ನಿಶ್ಚಯ ತಪ್ಪಿ ಸ್ವರ ಕದಲುತ್ತದೆ. ಅದನ್ನು ಮತ್ತೆ ದುಂಡಗೆ ಮಾಡಬೇಕು. ಇದಕ್ಕೆ ಗರಗಸದ ಹಲ್ಲು ಮಸೆಯುವ ಮುಮ್ಮೂಲೆ ಅರ ಸಾಕು. ಆದರೆ ಅದರ ಮೂಲೆ ಮರವನ್ನು ಗೀರುತ್ತದೆ. ಆದ್ದರಿಂದ ಆ ಮೂಲೆಗಳನ್ನು ಸಾಣೆಗೆ ಹಿಡಿದು ಹಲ್ಲುಗಳನ್ನು ಅಳಿಸಿ ನುಣುಪು ಮಾಡುತ್ತಾರೆ. ಮೊಳೆ ಕೀಳುವ ಇಕ್ಕಳದ ಬಾಯಿಯನ್ನೂ ಹೀಗೆಯೇ ಮಸೆದು ಸಪಾಟು ಮಾಡಿದರೆ ಅದು ಮೆಟ್ಟಿಲಿನ ಅಡಿಗೆ ನುಸುಳಬಲ್ಲದು; ಬೆಸುಗೆ ಕಡ್ಡಿಯಿಂದ ಕಾವು ಕೊಟ್ಟು ಕಿತ್ತರೆ ಮರ ಸಿಬಿರೇಳುವುದು ಕಡಿಮೆ. ವೀಣೆಯ ಮೇಣಕ್ಕೆ ಕಾವು ಕೊಡುವ ಕೈಗೂ ಈ ಕೈಗೂ ಹೆಚ್ಚಿನ ಅಂತರವಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಕೇಳುಗರು ಗಮನಿಸಬೇಕು. ಅಂಗಡಿಯಲ್ಲಿ ಕೊಂಡ ಅರಕ್ಕೆ ಈ ಕುಶಲಿಗರು ಹೊಸತಾಗಿ ಏನನ್ನೂ ಸೇರಿಸಲಿಲ್ಲ. ಅದರ ಹರಿತವನ್ನು ಒಂದಿಷ್ಟು ಕಳೆದರು. ಎಲ್ಲಿ ಕೊರೆಯಬಾರದು ಎಂಬ ತಿಳಿವಳಿಕೆ ಆ ಕಳೆಯುವಿಕೆಯಲ್ಲಿದೆ. 1826ರ ಅರ್ಜಿಯಲ್ಲಿ ಪಿಟೀಲಿನವರು ಅಭಿರುಚಿ ಎಂದು ಕರೆದದ್ದು ಇಂಥ ತಿಳಿವಳಿಕೆಯನ್ನೇ ಆಗಿದ್ದರೆ, ಅದು ಬಡಗಿಯ ಕೈಯಲ್ಲಿಯೂ ಧಾರಾಳವಾಗಿತ್ತು. ಸವೆದ ವಾದ್ಯವನ್ನು ಮೂಲೆಗೆ ಒಗೆದು ಹೊಸದನ್ನು ಕೊಳ್ಳುವುದು ಸುಲಭವಾಗುತ್ತಿರುವ ಕಾಲ ಇದು. ನಮ್ಮ ಊರುಗಳಲ್ಲಿ ಹಾರ್ಮೋನಿಯಮ್ಮಿನ ತಿದಿಗೆ ತೇಪೆ ಹಾಕುವವರೂ, ವೀಣೆಯ ಮೇಣ ಕಟ್ಟುವವರೂ, ಗಿಟಾರಿನ ಮೆಟ್ಟಿಲು ಉಜ್ಜುವವರೂ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಅಂಗಡಿಯ ಬಾಗಿಲು ತೆರೆದಿರುವಷ್ಟು ಕಾಲ ಹಳೆಯ ವಾದ್ಯಗಳು ನುಡಿಯುತ್ತವೆ. ಅವರಿಂದ ಕೆಲಸ ಕಲಿಯುವ ಹುಡುಗರು ಮುಂದೆ ಬಂದರೆ ಇನ್ನೂ ಕೆಲವು ಕಾಲ ನುಡಿದಾವು.