ಓಡುವವನಿಗೆ ಎಷ್ಟು ಹೆಜ್ಜೆ?

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಬಹುಕಾಲ ಆಟಗಾರರ ಬೆನ್ನ ಮೇಲೆ 4ರಿಂದ 15ರವರೆಗಿನ ನಂಬರ್‌ಗಳಷ್ಟೇ ಕಾಣುತ್ತಿದ್ದವು. ಅದು ರೆಫರಿಯ ಎರಡು ಕೈಗಳ ಲೆಕ್ಕ. ಫೌಲ್ ಆದಾಗ ಅವರು ಸ್ಕೋರರ್ ಮೇಜಿನ ಎದುರು ನಿಂತು ತಪ್ಪಿತಸ್ಥನ ನಂಬರನ್ನು ಬೆರಳಲ್ಲೇ ತೋರಿಸಬೇಕು. ಬಲಗೈ ಮುಷ್ಟಿ ಎಂದರೆ ಹತ್ತು, ಎಡಗೈಯ ಐದು ಬೆರಳೂ ಸೇರಿದರೆ ಹದಿನೈದು. ಒಂದು, ಎರಡು, ಮೂರು ಬೆರಳುಗಳು ಪಾಯಿಂಟ್‌ಗೂ ಫ್ರೀ ಥ್ರೋಗೂ ಬಳಕೆಯಾಗುವುದರಿಂದ ಆ ನಂಬರ್‌ಗಳನ್ನು ಯಾರಿಗೂ ಕೊಡುತ್ತಿರಲಿಲ್ಲ. 2014ರ ನಿಯಮಗಳಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ 99ರವರೆಗಿನ ನಂಬರ್‌ಗಳಿಗೆ ಬಾಗಿಲು ತೆರೆಯಿತು. ಈಗ 23 ಎನ್ನಲು ಮೊದಲು ಹಿಂಗೈ ಮುಂದಾಗಿಸಿ ಎರಡು ಬೆರಳು, ಆಮೇಲೆ ಅಂಗೈ ಮುಂದಾಗಿಸಿ ಮೂರು ಬೆರಳು.

ಹಲವು ವರ್ಷ ಸೀಟಿ ಕೆಳಗಿಟ್ಟು ಮತ್ತೆ ಅಂಕಣಕ್ಕೆ ಬರುವ ರೆಫರಿಗೆ ಇಂಥ ಬದಲಾವಣೆಗಳು ಎದುರಾಗುತ್ತಲೇ ಇರುತ್ತವೆ. ಹೊಸ ಪುಸ್ತಕವನ್ನು ರಾತ್ರಿ ಕೂತು ಓದಿ ಮುಗಿಸಬಹುದು. ಆದರೆ ಕೈಗೂ ಕಣ್ಣಿಗೂ ರೂಢಿಯಾದ ಹಳೆಯದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದರಲ್ಲೂ ಹೆಚ್ಚು ಕಾಡುವುದು ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದವನು ಎಷ್ಟು ಹೆಜ್ಜೆ ಇಡಬಹುದೆಂಬ ಪ್ರಶ್ನೆ. ಅದಕ್ಕೆ ಆಟದಷ್ಟೇ ವಯಸ್ಸಾಗಿದೆ.

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯ ಮೇಷ್ಟ್ರು ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಗೇ ಆಡಬಹುದಾದ ಆಟಕ್ಕೆಂದು 13 ನಿಯಮ ಬರೆದರು. ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿ, ಕೆಳಗೆ 18 ಹುಡುಗರು. ತೀರ್ಪಿಗೆ ಇಬ್ಬರು, ಇಬ್ಬರಿಗೂ ಬೇರೆ ಬೇರೆ ಕೆಲಸ. ಅಂಪೈರ್ ಆಟಗಾರರ ಮೇಲೆ ಕಣ್ಣಿಟ್ಟು ಫೌಲ್ ಎಣಿಸಬೇಕು. ರೆಫರಿ ಚೆಂಡಿನ ಮೇಲೆ ಕಣ್ಣಿಡಬೇಕು, ಗೋಲು ಎಣಿಸಬೇಕು, ಸಮಯವನ್ನೂ ನೋಡಿಕೊಳ್ಳಬೇಕು. ಒಂದು ತಂಡ ಸತತ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು ದಕ್ಕುತ್ತಿತ್ತು.

ಮೂರನೆಯ ನಿಯಮದ ಪ್ರಕಾರ ಚೆಂಡು ಹಿಡಿದುಕೊಂಡು ಓಡುವಂತಿಲ್ಲ. ಹಿಡಿದ ಜಾಗದಿಂದಲೇ ಎಸೆಯಬೇಕು. ಆದರೆ ವೇಗವಾಗಿ ಓಡುತ್ತಾ ಚೆಂಡು ಹಿಡಿದವನು ನಿಲ್ಲಲು ಪ್ರಯತ್ನಿಸುತ್ತಿದ್ದರೆ ಅವನಿಗೆ ಸ್ವಲ್ಪ ರಿಯಾಯಿತಿ ಇರಲಿ ಎಂದೂ ನೈಸ್ಮಿತ್ ಸೇರಿಸಿದರು. ಎಷ್ಟು ರಿಯಾಯಿತಿ ಎಂದು ಬರೆಯಲಿಲ್ಲ. ಆ ಲೆಕ್ಕ ತೀರ್ಪುಗಾರನ ಕಣ್ಣಿಗೇ ಬಿಟ್ಟದ್ದಾಯಿತು. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಮುನ್ನುಗ್ಗುವ ಡ್ರಿಬಲ್ ಆ 13ರಲ್ಲಿ ಇರಲೇ ಇಲ್ಲ. ಅದು ಆಟಗಾರರು ಕಂಡುಕೊಂಡ ದಾರಿ. ನಿಯಮ ಅದರ ಬೆನ್ನಿಗೆ ಬಂತು.

ಗಡಿಯಾರದ ಕಥೆಯೂ ಹೀಗೆಯೇ. 1950ರ ನವೆಂಬರ್‌ನಲ್ಲಿ ಫೋರ್ಟ್ ವೇಯ್ನ್ ತಂಡ ಚೆಂಡನ್ನು ಬಿಟ್ಟುಕೊಡದೆ ಕಾಲ ತಳ್ಳಿ ಮಿನಿಯಾಪೊಲಿಸ್ ಲೇಕರ್ಸ್ ವಿರುದ್ಧ 19-18ರಿಂದ ಗೆದ್ದಿತು. ಅಂಥ ಆಟಕ್ಕೆ ಕಡಿವಾಣ ಹಾಕಲು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 1954ರಲ್ಲಿ, 24 ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕೆನ್ನುವ ಶಾಟ್ ಕ್ಲಾಕ್ ತಂದಿತು. ಫಿಬಾ 1956ರಲ್ಲಿ 30 ಸೆಕೆಂಡ್ ಎಂದಿತು, 2000ದಲ್ಲಿ 24ಕ್ಕೆ ಇಳಿಯಿತು. ಅದೇ ವರ್ಷ 20 ನಿಮಿಷದ ಎರಡು ಅರ್ಧಗಳು ಹೋಗಿ 10 ನಿಮಿಷದ ನಾಲ್ಕು ಕ್ವಾರ್ಟರ್‌ಗಳು ಬಂದವು. 1984ರಲ್ಲಿ 6.25 ಮೀಟರ್ ದೂರದಲ್ಲಿ ಎಳೆದಿದ್ದ ಮೂರು ಪಾಯಿಂಟ್ ಗೆರೆ 2010ರಲ್ಲಿ 6.75 ಮೀಟರಿಗೆ ಸರಿಯಿತು.

ಹೀಗೆ ಕಲಿತು, ಬಿಟ್ಟು, ಮತ್ತೆ ಕಲಿಯಬೇಕಾಗಿ ಬಂದವರಲ್ಲಿ ಅಮೆರಿಕದ ಹೆಸರಾಂತ ರೆಫರಿ ಅರ್ಲ್ ಸ್ಟ್ರಾಮ್ ಒಬ್ಬರು. 1957ರಿಂದ ಎನ್‌ಬಿಎಯಲ್ಲಿ ಸೀಟಿ ಊದುತ್ತಿದ್ದ ಅವರನ್ನು 1969ರಲ್ಲಿ ಪ್ರತಿಸ್ಪರ್ಧಿ ಲೀಗ್ ಎಬಿಎ ಸೆಳೆದುಕೊಂಡಿತು. ಅಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡು, 30 ಸೆಕೆಂಡಿನ ಗಡಿಯಾರ. ದೂರದಿಂದ ಬುಟ್ಟಿಗೆ ಹಾಕಿದರೆ ಮೂರು ಪಾಯಿಂಟ್. ಎನ್‌ಬಿಎಯಲ್ಲಿ ಅದಕ್ಕೆ ಎರಡೇ. ಮೂರು ಸೀಸನ್ ಅಲ್ಲಿ ಕಳೆದು ಮುಂದೆ ಎನ್‌ಬಿಎಗೆ ಮರಳಿದಾಗ ಸ್ಟ್ರಾಮ್ ಆ ಮೂರರ ಗೆರೆಯನ್ನು ಮರೆಯಬೇಕಾಯಿತು. 1979-80ರ ಸೀಸನ್‌ಗೆ ಎನ್‌ಬಿಎಯೇ ಆ ಗೆರೆಯನ್ನು ಎಳೆದಾಗ ಮತ್ತೆ ನೆನಪಿಸಿಕೊಳ್ಳಬೇಕಾಯಿತು. 1990ರವರೆಗೆ ತೀರ್ಪು ಕೊಟ್ಟ ಅವರ ಹೆಸರು 1995ರಲ್ಲಿ, ಅವರು ತೀರಿಕೊಂಡ ಮರುವರ್ಷ, ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್ ಸೇರಿತು.

ಗೆರೆಯ ಬದಲಾವಣೆಯನ್ನು ನೆಲವೇ ತೋರಿಸಿಕೊಡುತ್ತದೆ, ಸಮಯದ್ದನ್ನು ಗಡಿಯಾರ. ಹೆಜ್ಜೆಯ ಬದಲಾವಣೆಗೆ ಮಾತ್ರ ಅಂಥ ಗುರುತಿಲ್ಲ. ಆಟಗಾರ್ತಿಯೊಬ್ಬಳು ಡ್ರಿಬಲ್ ಮಾಡುತ್ತಾ ಬಲಬದಿಯಿಂದ ನುಗ್ಗುತ್ತಾಳೆ ಎನ್ನೋಣ. ಚೆಂಡು ಎರಡೂ ಕೈಗೆ ಬಂದ ಕ್ಷಣ ಬಲಗಾಲು ನೆಲದ ಮೇಲಿದೆ. ಆಮೇಲೆ ಎಡಗಾಲು, ಮತ್ತೆ ಬಲಗಾಲು, ಜಿಗಿದು ಹತ್ತಿರದಿಂದಲೇ ಬುಟ್ಟಿಗೆ ಹಾಕುವ ಲೇ-ಅಪ್. ಹಳೆಯ ಫಿಬಾ ನಿಯಮದಲ್ಲಿ ಆ ಮೊದಲ ಬಲಗಾಲೇ ಪಿವಟ್, ಅಂದರೆ ಊರಿಕೊಂಡು ತಿರುಗುವ ಕಾಲು. ಎತ್ತಿದ ಅದೇ ಕಾಲು, ಚೆಂಡು ಕೈಬಿಡುವ ಮೊದಲೇ ಮತ್ತೆ ನೆಲ ಮುಟ್ಟಿದ್ದರಿಂದ ಟ್ರಾವೆಲಿಂಗ್. 2017ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮ, ಓಡುತ್ತಾ ಚೆಂಡು ಹಿಡಿದಾಗ ನೆಲದ ಮೇಲಿರುವ ಕಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೆಫರಿಗಳ ಬಾಯಲ್ಲಿ ಅದು 'ಝೀರೋ ಸ್ಟೆಪ್'. ಸೊನ್ನೆ, ಒಂದು, ಎರಡು ಎಂದು ಎಣಿಸಿದರೆ ಆಕೆಯ ಹೆಜ್ಜೆ ಸರಿ. ನೈಸ್ಮಿತ್ ಅಳತೆ ಹೇಳದೆ ಬಿಟ್ಟಿದ್ದ ರಿಯಾಯಿತಿಗೆ ಹೀಗೊಂದು ಅಳತೆ ಸಿಕ್ಕಿತು. ಹಳಬರ ಕಣ್ಣು ಮಾತ್ರ ಒಂದು, ಎರಡು, ಮೂರು ಎಂದೇ ಎಣಿಸಿ, ಯೋಚಿಸುವ ಮೊದಲೇ ಸೀಟಿ ಊದಿಸಿಬಿಡುತ್ತದೆ.

ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಈ ಬದಲಾವಣೆಯ ಎರಡೂ ದಡಗಳನ್ನು ಕಂಡಿದೆ. 2017ರ ಜುಲೈನಲ್ಲಿ ಅಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಹೊಸ ನಿಯಮ ಜಾರಿಗೆ ಬರಲು ಇನ್ನೂ ಎರಡು ತಿಂಗಳಿಗೂ ಹೆಚ್ಚು ಸಮಯವಿತ್ತು. ಜಪಾನ್ ಕಪ್ ಎತ್ತಿತು, ಭಾರತ ಬಿ ಡಿವಿಜನ್ ಗೆದ್ದು ಮೇಲಿನ ದರ್ಜೆಗೆ ಏರಿತು. 2019ರ ಸೆಪ್ಟೆಂಬರ್‌ನಲ್ಲಿ ಅದೇ ಕಪ್ ಅದೇ ಅಂಕಣಕ್ಕೆ ಬಂದಾಗಲೂ ಗೆದ್ದದ್ದು ಜಪಾನೇ. ಹೆಜ್ಜೆಯ ಲೆಕ್ಕ ಮಾತ್ರ ಬೇರೆಯಾಗಿತ್ತು. ಆಮೇಲೂ ಪುಸ್ತಕ ಸುಮ್ಮನಿಲ್ಲ. 2022ರ ಆವೃತ್ತಿಯಲ್ಲಿ 'ಥ್ರೋ-ಇನ್ ಫೌಲ್' ಸೇರಿದೆ: ಕೊನೆಯ ಎರಡು ನಿಮಿಷಗಳಲ್ಲಿ, ಚೆಂಡು ಗೆರೆಯಾಚೆ ಎಸೆಯುವವರ ಕೈಯಲ್ಲೇ ಇರುವಾಗ ರಕ್ಷಣೆಯ ತಂಡ ಫೌಲ್ ಮಾಡಿದರೆ ಎದುರಾಳಿಗೆ ಒಂದು ಫ್ರೀ ಥ್ರೋ, ಜೊತೆಗೆ ಚೆಂಡೂ ಅವರದೇ.